ಅಳಿಸುವುದಕ್ಕೆಂದೇ ಹಾಡಿದ್ದು

ಮೇಲಿನ ಫ್ಲ್ಯಾಟಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಹಾಸಿಗೆ ಸಾಗಿಸುತ್ತಿದ್ದುದನ್ನು ನಾನು ಕಂಡದ್ದು ಅಡುಗೆಮನೆಯ ಕಿಟಕಿಯಿಂದ. ಒಂದೆರಡಲ್ಲ. ಲಿಫ್ಟಿನಲ್ಲಿ ಹಿಡಿಸದ್ದನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದರು. ಹಾಸಿಗೆಯ ಹಿಂದೆ ರಜಾಯಿಗಳ ಗಂಟು, ಗಂಟಿನ ಹಿಂದೆ ಮತ್ತೆ ಹಾಸಿಗೆ. ಮಂಚ ಮಾತ್ರ ಒಂದೂ ಇಲ್ಲ. ಕುಕ್ಕರ್ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ. ಒಲೆಯೇ ಇಲ್ಲದ, ಬರೀ ಹಾಸಿಗೆಯ ಸಂಸಾರ ಎಂಥದ್ದು, ಐ ಆಸ್ಕ್ ಯೂ?

"ರೀ, ಮ್ಯಾಲಿನವ್ರಿಗೆ ಅಷ್ಟು ಹಾಸಿಗಿ ಯಾಕ?" ಎಂದು ನಮ್ಮವರನ್ನು ಕೇಳಿದೆ.

"ಮಲಗಾಕ," ಎಂದರು, ಪೇಪರಿನಿಂದ ತಲೆ ಎತ್ತದೆ.

"ಗಂಡು ಹೆಣ್ಣು ಕೂಡೇನ ಬಂದಾರ."

"ನನ್ನ ಮ್ಯಾಲ ಅನುಮಾನ ಪಡಾಕ ಏನೂ ಉಳದಿಲ್ಲ ನೋಡು, ಅದಕ್ಕ ಮ್ಯಾಲಿನವ್ರನ್ನ ಹಿಡದೀ."

ಊರಂಚಿನ ಮಣಿಕೊಂಡದಲ್ಲಿ ಅದು ಬಂಡೆ ಒಡೆಯುವ ಕಾಲ. ನಮ್ಮವರು ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಾವು ಇಲ್ಲಿಗೆ ಬಂದಾಗ ಎದುರಿಗೆ ಆನೆಗಳಂತೆ ಬಂಡೆಗಳು ಕೂತಿದ್ದವು. ನೋಡುನೋಡುತ್ತ ಒಂದೊಂದೇ ಎದ್ದು ಹೋಗಿ ಅಲ್ಲೆಲ್ಲ ಅಪಾರ್ಟ್‌ಮೆಂಟುಗಳು ಬಂದು ನಿಂತವು. ಬೆಳಿಗ್ಗೆ ಕುತ್ತಿಗೆಗೆ ಬ್ಯಾಡ್ಜು ಹಾಕಿಕೊಂಡ ಮಕ್ಕಳನ್ನು ಬಿಳಿ ಕ್ಯಾಬುಗಳು ತುಂಬಿಕೊಂಡು ಹೋಗುತ್ತಿದ್ದವು. ಎಲ್ಲಿಂದ ಬಂದವರು, ಯಾರ ಮನೆಯವರು, ಯಾರಿಗೂ ಗೊತ್ತಿಲ್ಲ. ನಾನು ಹುಟ್ಟಿ ಬೆಳೆದ ಅಬಿಡ್ಸಿನ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆ ವಾಸನೆಯ ಮೇಲೆ ಇನ್ನೊಬ್ಬರು ಅವರ ಮನೆಗೆ ಯಾರು ಬಂದಿದ್ದಾರೆ ಎಂದು ಹೇಳುತ್ತಿದ್ದರು. ಇಲ್ಲಿ ಕಿಟಕಿಯೊಂದೇ ಆಧಾರ. ಜನ ಅದಕ್ಕೆ ಸಸ್ಪಿಶಿಯಸ್ ನೇಚರ್ ಎನ್ನುತ್ತಾರೆ.

ಆ ಶನಿವಾರವೇ ಹಾಸಿಗೆಗಳ ಗುಟ್ಟು ಅರ್ಧ ಬಯಲಾಯಿತು. ನಮ್ಮ ಹಾಲಿನ ಸೀಲಿಂಗಿನಿಂದ ಒಂದು ವಯಲಿನ್ ಸಣ್ಣಗೆ ಇಳಿಯಿತು. ಅದರ ಹಿಂದೆ ಗಿಟಾರು, ಹಾರ್ಮೋನಿಯಂ, ತಬಲಾದಂಥದ್ದೇನೋ. ಹಾಡು ತೆಲುಗಿನಲ್ಲಿ ಶುರುವಾಗಿ, ನಾನು ಅಕ್ಕಿ ತೊಳೆದು ಬರುವಷ್ಟರಲ್ಲಿ ಉರ್ದು ಆಗಿತ್ತು. ಯಾರೋ ಸ್ಟೇಷನ್ ಬದಲಿಸುತ್ತಿದ್ದಾರೆ ಎಂದುಕೊಂಡೆ. ಕುಕ್ಕರ್ ಕೂಗುವ ಹೊತ್ತಿಗೆ ಅದೇ ಹಾಡು ಕೊಂಕಣಿಗೆ ಹೋಗಿ ಕೂತಿತ್ತು.

"ಹೋಗಿ ಒಂದಿಷ್ಟು ಗದರಿಸಿ ಬರ್ರಿ," ಎಂದು ನಮ್ಮವರನ್ನು ಮೇಲಕ್ಕೆ ಅಟ್ಟಿದೆ. ಹೋದವರು ಊಟದ ಹೊತ್ತಿಗೂ ಬರಲಿಲ್ಲ. ಬಂದಾಗ ಬಾಯಲ್ಲಿ ಎಲೆಕ್ಟ್ರಿಕ್ ಕೆಟಲಿನ ಫಿಲ್ಟರ್ ಕಾಫಿಯ ಘಮ, ಕೈಯಲ್ಲಿ ಸ್ಕ್ರೂಡ್ರೈವರ್.

"ಜಗಳಾ ಮಾಡಿದ್ರೇನು?"

"ಅವ್ರ ಸ್ಪೀಕರ್‍ನಾಗ ಗುಂಯ್ ಅನ್ನಾಕತ್ತಿತ್ತು. ಅರ್ಥಿಂಗ್ ಸರಿ ಇರ್ಲಿಲ್ಲ. ಮಾಡಿ ಕೊಟ್ಟು ಬಂದೆ. ಭಾಳ ಛಲೋ ಹುಡುಗ್ರು." ಜಗಳಕ್ಕೆ ಕಳಿಸಿದ ಗಂಡ ವೈರಿಯ ಮನೆಯ ಅರ್ಥಿಂಗ್ ಸರಿ ಮಾಡಿ ಬಂದಿದ್ದರು.

ಅವರೇ ಹೇಳಿದ ಪ್ರಕಾರ ಆ ಫ್ಲ್ಯಾಟು ಒಂದು ಆರ್ಕೆಸ್ಟ್ರಾದ್ದು. ಹಾಸಿಗೆ ರಜಾಯಿಗಳನ್ನೆಲ್ಲ ಗೋಡೆಗೆ ಹೊಡೆದು ಒಂದು ಕೋಣೆಯನ್ನು ರೆಕಾರ್ಡಿಂಗಿಗೆ ಮಾಡಿಕೊಂಡಿದ್ದರು. ಆರ್ಕೆಸ್ಟ್ರಾ ಎಂದರೆ ಎಷ್ಟು ಜನ? ನಾಲ್ಕು! ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು. ಮೈಸೂರಿನ ಹುಡುಗಿ ವಯಲಿನ್. ಮಂಗಳೂರಿನ ಹುಡುಗ ಗಿಟಾರು, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವನೂ ಅವನೇ. ಹಳೇ ಶಹರದವನೊಬ್ಬ ಹಾರ್ಮೋನಿಯಂ ನುಡಿಸುತ್ತ ದಖ್ನಿ ಉರ್ದುವಿನಲ್ಲಿ ಹಾಡುವವನು, ಒಬ್ಬ ತೆಲುಗು ಹುಡುಗ ತಾಳಕ್ಕೆ. ಎಲ್ಲರದೂ ಒಂದೇ ಆಫೀಸು. ವಾರವೆಲ್ಲ ಅಮೆರಿಕದ ಯಾವುದೋ ಬ್ಯಾಂಕಿನ ಕಂಪ್ಯೂಟರು ರಿಪೇರಿ ಮಾಡಿ ಶನಿವಾರ ಭಾನುವಾರ ಇಲ್ಲಿ ಹಾಡು ಕಟ್ಟುತ್ತಿದ್ದರು. ಅವರು ಕೊಟ್ಟ ಸಿ.ಡಿ.ಯನ್ನು ನಮ್ಮವರು ನನ್ನ ಮುಂದೆ ಹಿಡಿದಾಗ "ಅಲ್ಲಿಡ್ರಿ" ಎಂದೆ. ಅವರು ವಾಕಿಂಗಿಗೆ ಹೋದ ಮೇಲೆ ಹಾಕಿಕೊಂಡು ಕೇಳಿದೆ.

ಕೇಳಿದೆ ಎನ್ನುವುದಕ್ಕಿಂತ ತಪಾಸಣೆ ಮಾಡಿದೆ. ಒಂದು ಹಾಡಿನಲ್ಲಿ ಹಾರ್ಮೋನಿಯಂ ಮುಷಾಯರಾದ ಗತ್ತಿನಲ್ಲಿ ಶುರು ಮಾಡುತ್ತದೆ. ಗಿಟಾರು ಅದರ ಕೆಳಗೆ ಚರ್ಚಿನ ಪ್ರಾರ್ಥನೆ ಹಾಡಿನಂತೆ ನಾಲ್ಕು ಸ್ವರ ಒಟ್ಟಿಗೆ ಹಾಸುತ್ತದೆ. ಆ ಹಾಸಿನ ಮೇಲೆ ಮೈಸೂರಿನ ವಯಲಿನ್ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಬರುತ್ತದೆ. ಸರಿಹೋಗಬಾರದು, ಬೈ ಎನಿ ರೂಲ್. ಸರಿಹೋಗುತ್ತಿತ್ತು. ಇನ್ನೊಂದರಲ್ಲಿ ಸಾಲಿನ ಅರ್ಧಕ್ಕೇ ಭಾಷೆ ಬದಲಾಗುತ್ತದೆ, ಹತ್ತಿದ ಬಸ್ಸಿನಿಂದ ಇಳಿದು ಇನ್ನೊಂದನ್ನು ಹಿಡಿದ ಹಾಗೆ. ಇಷ್ಟು ಸಲೀಸಾಗಿ ಬೆರೆಯುವುದು ಏನೋ ಮೋಸವಿದ್ದರೇ ಸಾಧ್ಯ ಎನ್ನಿಸಿತು. ಇನ್ನೊಮ್ಮೆ ಹಾಕಿಕೊಂಡು ಕೇಳಿದೆ. ಮೋಸ ಸಿಗಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗಲಿಲ್ಲ.

ಮುಂದಿನ ವಾರ ವಯಲಿನ್ ಹುಡುಗಿ ಮೈಸೂರು ಪಾಕಿನ ಡಬ್ಬಿ ಹಿಡಿದು ಕೆಳಗೆ ಬಂದಳು. ಕಾರಣವಿಲ್ಲದೆ ಸಿಹಿ ಕೊಡುವವರನ್ನು ನಾನು ಯಾವತ್ತೂ ನಂಬಿದವಳಲ್ಲ.

"ಆಂಟಿ, ನಿಮಗೊಂದು ಹಾಡು ಬರುತ್ತಂತೆ. ಹಪ್ಪಳದ ಹಾಡು. ಮೂರು ಭಾಷೇಲಿ."

ನಾನು ನಮ್ಮವರ ಕಡೆ ನೋಡಿದೆ. ಅವರು ಅಷ್ಟರಲ್ಲಿ ಬಚ್ಚಲಿಗೆ ಹೋಗಿದ್ದರು.

ಹಾಡು ಇದ್ದದ್ದು ನಿಜ. ಅಬಿಡ್ಸಿನ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ನಮ್ಮ ಮಾಳಿಗೆಗೆ ಅಂಟಿಕೊಂಡು ಇನ್ನೆರಡು ಮಾಳಿಗೆಗಳಿದ್ದವು, ಒಂದು ತೆಲುಗಿನವರದು, ಒಂದು ಸಾಹೇಬರದು. ನಡುವೆ ಮೊಣಕಾಲೆತ್ತರದ ಗೋಡೆ. ಬೇಸಿಗೆಯಲ್ಲಿ ಮೂವರು ಹೆಂಗಸರೂ ಹಪ್ಪಳ ಲಟ್ಟಿಸಲು ಅವರವರ ಮಾಳಿಗೆಗೆ ಏರುತ್ತಿದ್ದರು, ಮತ್ತು ಒಬ್ಬರಾದ ಮೇಲೆ ಒಬ್ಬರು ಬಿಸಿಲನ್ನು ಕರೆಯುತ್ತಿದ್ದರು. ನಮ್ಮ ಅವ್ವ "ಬಾರೋ ಬಿಸಿಲಪ್ಪಾ, ಮಾಳಗಿ ಏರಿ ಬಾರೋ" ಎಂದರೆ, ಆಚೆಯಿಂದ "ಎಂಡ ಮಾಮಾ, ಮಾ ಮೇಡ ಮೀದಿಕಿ ರಾವಯ್ಯಾ" ಎಂದು ತೆಲುಗಿನ ಅತ್ತೆ. ಅದು ಮುಗಿಯುತ್ತಲೇ ಈಚೆಯಿಂದ "ಧೂಪ್ ಮಾಮೂ ಆವ್ ಜೀ, ಪಾಪಡ್ ಸುಖಾಕೇ ಜಾವ್ ಜೀ" ಎಂದು ಸಾಹೇಬರ ಮನೆಯ ಖಾಲಾ. ಒಬ್ಬರ ಅಪ್ಪ, ಒಬ್ಬರ ಮಾವ, ಒಬ್ಬರ ಮಾಮೂ. ಬಿಸಿಲಿಗೂ ಅಷ್ಟು ನೆಂಟಸ್ತಿಕೆ. ಅವ್ವನ ಪಕ್ಕ ಕೂತು ಹಿಟ್ಟಿನ ಉಂಡೆ ಕಟ್ಟುತ್ತಿದ್ದ ನನಗೆ ಮೂರೂ ಬಾಯಿಗೆ ಬಂದಿದ್ದವು. ಆ ಮೂವರಲ್ಲಿ ಈಗ ಯಾರೂ ಇಲ್ಲ.

"ಅದರಾಗ ಏನೈತಮ್ಮ, ಅಡುಗಿ ಹಾಡು," ಎಂದೆ. ಡಬ್ಬಿ ಮುಟ್ಟಲಿಲ್ಲ.

"ನಮ್ಮ ಆರ್ಕೆಸ್ಟ್ರಾಗೇ ಬರೆದ ಹಾಗಿದೆ ಆಂಟಿ. ಪ್ಲೀಸ್. ನೀವೊಂದು ಸಲ ಹಾಡಿಕೊಡಿ."

ಗಿಟಾರಿನ ಹುಡುಗ ಬಂದು ವಿಧಾನ ವಿವರಿಸಿದ. ಅವನ ಪ್ರಾಮಾಣಿಕತೆಗೆ ಕುಂದಿಲ್ಲ, ಎಲ್ಲವನ್ನೂ ಮೊದಲೇ ಹೇಳಿದ. "ಇದಕ್ಕೆ ಸ್ಕ್ರ್ಯಾಚ್ ಅಂತ ಹೇಳುದು ಆಂಟಿ. ನೀವು ಹಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ನಾವೆಲ್ಲ ನುಡಿಸ್ತೇವೆ. ಕಡೆಗೆ ಒಬ್ಬಳು ಸಿಂಗರ್ ಬಂದು ಹಾಡ್ತಾಳೆ. ಆಮೇಲೆ ನಿಮ್ಮದನ್ನು ಅಳಿಸ್ತೇವೆ. ಹಾಗಾಗಿ ಸ್ವರ ಸ್ವಲ್ಪ ಆಚೆ ಈಚೆ ಆದ್ರೂ ತೊಂದ್ರೆ ಇಲ್ಲ."

"ಆಫ್ ಕೋರ್ಸ್, ಆಫ್ ಕೋರ್ಸ್," ಎಂದೆ. ಕಾನ್ವೆಂಟಿನಲ್ಲಿ ಕಲಿತದ್ದು ಸಾಯುವವರೆಗೂ ಬಿಡುವುದಿಲ್ಲ.

ಒಳಗೆ ಮಾತ್ರ ಬೇರೆಯೇ ಲೆಕ್ಕ ನಡೆದಿತ್ತು. ಶಾಲೆಯ ಕ್ವಾಯರಿನಲ್ಲಿ ನಾನು ಆಲ್ಟೋ, ಹಿಂದಿನ ಸಾಲು. ಮುಂದಿನವರ ಸ್ವರಕ್ಕೆ ಕೆಳಗಿನಿಂದ ಆನಿಸಿ ಹಿಡಿಯುವ ಕೆಲಸ. ಯಾರೂ ಅದನ್ನೊಂದನ್ನೇ ಕೇಳುವುದಿಲ್ಲ. ಮದುವೆಯಾದ ಮೇಲೆ ಮನೆಯಲ್ಲಿ ಸ್ಪೂಲ್ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಇಂದಿಗೂ ನಮ್ಮವರು "ಹಲೋ, ಹಲೋ, ಒನ್ ಟೂ ತ್ರೀ" ಎನ್ನುತ್ತಿದ್ದಾರೆ. ನೀನೂ ಒಂದು ಹಾಡು ಹಾಡು ಎನ್ನುವುದು ಅವರಿಗೆ ಹೊಳೆಯಲಿಲ್ಲ, ಹಾಡುತ್ತೇನೆ ಎಂದು ನಾನೂ ಅನ್ನಲಿಲ್ಲ. ನನ್ನ ದನಿ ಒಬ್ಬಂಟಿಯಾಗಿ ಎಲ್ಲಿಯೂ ಇರಲಿಲ್ಲ. ಈಗ ಇರಬೇಕು ಎನ್ನಿಸಿತು. ಅಳಿಸುತ್ತೇವೆ ಎನ್ನುವುದು ಎಲ್ಲರಿಗೂ ಹೇಳುವ ಮಾತಿರಬಹುದು, ಮುದುಕಿ ಹೆದರಬಾರದೆಂದು ಹಾಗೆ ಹೇಳಿರಬಹುದು, ಚೆನ್ನಾಗಿ ಬಂದರೆ ಇಟ್ಟುಕೊಳ್ಳಬಹುದು. ನನ್ನ ಅನುಮಾನಗಳಲ್ಲಿ ನನಗೆ ಅನುಕೂಲವಾಗಿದ್ದದ್ದು ಅದೊಂದೇ.

ರೆಕಾರ್ಡಿಂಗಿಗೆ ಮುಹೂರ್ತ ಎಂದರೆ ಪಕ್ಕದ ಸೈಟಿನ ಊಟದ ಹೊತ್ತು. ಕಾಂಕ್ರೀಟ್ ಮಿಕ್ಸರ್ ನಿಂತು, ಯಾದಗಿರಿ ಕಡೆಯ ಹೆಂಗಸರು ರೊಟ್ಟಿ ಬಿಚ್ಚಿ ಕೂತರೆ ಮಾತ್ರ ಮಣಿಕೊಂಡದಲ್ಲಿ ಮೌನ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಕಾಟನ್ ಸೀರೆ ಉಟ್ಟು ಹೋದೆ. ಮೈಕಿನ ಮುಂದೆ ನಿಂತು ಉಸಿರು ತೆಗೆದುಕೊಂಡೆ, ಅಷ್ಟೆ. ಗಿಟಾರಿನ ಹುಡುಗ ಕಿವಿಯಿಂದ ಹೆಡ್‌ಫೋನ್ ಕಿತ್ತ.

"ಆಂಟಿ, ಸೀರೆ ಚರಚರ ಅಂತದೆ."

ಕೆಳಗಿಳಿದು, ತೊಳೆದು ತೊಳೆದು ಮೆತ್ತಗಾದ ಮನೆಸೀರೆ ಉಟ್ಟು, ಬಳೆ ತೆಗೆದಿಟ್ಟು ಮತ್ತೆ ಹತ್ತಿದೆ. ಫ್ಯಾನ್ ಇಲ್ಲ, ಸುತ್ತಲೂ ರಜಾಯಿ. ಅನುಭವಿಸಿದವರಿಗೇ ಗೊತ್ತು ಆ ಸೆಕೆ. ಕಣ್ಣು ಮುಚ್ಚಿ ಮೂರು ಮಾಳಿಗೆಯನ್ನೂ ಒಬ್ಬಳೇ ಹಾಡಿದೆ. ಹಳೇ ಶಹರದ ಹುಡುಗ "ವಾಹ್ ಅಮ್ಮೀಜಾನ್" ಎಂದ. ಹೊಗಳಿದ್ದೋ ಸಮಾಧಾನ ಮಾಡಿದ್ದೋ ಎಂದು ಮನೆಗೆ ಬಂದು ಬಹಳ ಯೋಚಿಸಿದೆ.

ಆಮೇಲಿನ ಶನಿವಾರ ಭಾನುವಾರಗಳಲ್ಲಿ ನನ್ನ ದನಿ ನನ್ನ ತಲೆಯ ಮೇಲೆಯೇ ತಿರುಗುತ್ತಿತ್ತು. ಒಂದೇ ಸಾಲು, ಮತ್ತೆ ಅದೇ ಸಾಲು, ನಡುವೆ ನಿಲ್ಲಿಸಿ ಇನ್ನೊಮ್ಮೆ. ಒಮ್ಮೊಮ್ಮೆ ಎಲ್ಲರೂ ಕೂಡಿ ನಗುವುದು ಕೇಳಿಸುತ್ತಿತ್ತು.

"ನನ್ನ ಹಾಡು ಹಾಕ್ಕೊಂಡು ನಗಾಕತ್ತಾರ," ಎಂದೆ.

"ಅವ್ರು ಕಲಿಯಾಕತ್ತಾರ," ಎಂದರು ನಮ್ಮವರು.

"ಕಲಿಯೋರು ನಗ್ತಾರೇನು?"

"ನೀ ಕಾನ್ವೆಂಟಿನಾಗ ಕಲತಾಕಿ. ನಿನಗ ಗೊತ್ತಿರಲಿಕ್ಕಿಲ್ಲ."

ಹೆಡ್‌ಫೋನ್ ಹಾಕಿಕೊಂಡು ಅವರು ನಿಜವಾಗಿ ರೆಕಾರ್ಡ್ ಮಾಡುವಾಗ ನನ್ನ ದನಿ ಕೇಳಿಸುತ್ತಿರಲಿಲ್ಲ, ಬರೀ ಅವರ ವಾದ್ಯ. ವಯಲಿನ್ ಹುಡುಗಿ ತನ್ನ ಭಾಗವನ್ನು ಎಷ್ಟೋ ಸಲ ನುಡಿಸಿದಳು. ನಾನು ಕೆಳಗೆ ಸೋಫಾದಲ್ಲಿ ಕೂತು, ತರಕಾರಿ ಹೆಚ್ಚುತ್ತ, ಅವಳ ವಯಲಿನ್ನಿನ ಜೊತೆ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದೆ. ಎಲ್ಲಿ ನಾನು ನಿಂತಿದ್ದೆನೋ ಅಲ್ಲಿ ಅವಳೂ ಕಮಾನನ್ನು ತಂತಿಯ ಮೇಲೆ ಬಿಟ್ಟೂಬಿಡದಂತೆ ಹಿಡಿದು ನಿಲ್ಲುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಆಕೆಯೇ ಕರೆಯಲು ಬಂದಳು. "ಸಿಂಗರ್ ಬಂದಿದ್ದಾರೆ ಆಂಟಿ. ಸ್ವಲ್ಪ ಬರ್ತೀರಾ? ಏನೋ ಕೂರ್ತಾ ಇಲ್ಲ."

ಯಾಕೆ ಕರೆಯುತ್ತಾರೆ? ಅಳಿಸುವಾಗ ನನ್ನ ಒಪ್ಪಿಗೆ ಇತ್ತು ಎನ್ನಿಸಿಕೊಳ್ಳುವುದಕ್ಕೆ, ಬೇರೆ ಯಾಕೆ? ಹಾಗೆಂದುಕೊಂಡೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಒಳಗಿನಿಂದ ಗಿಟಾರಿನ ಹುಡುಗನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅಜ್ಜಿಗೆ ಅಲ್ಲಿ ದಮ್ಮು ಸಾಕಾಗ್ಲಿಲ್ಲ ಮಾರಾಯ, ಸಾಲಿನ ಮಧ್ಯದಲ್ಲಿ ನಿಂತಿದ್ದಾರೆ. ನಾವೆಲ್ಲ ಅದಕ್ಕೇ ಸರಿಯಾಗಿ ನುಡಿಸಿಬಿಟ್ಟಿದ್ದೇವೆ. ಇವಳಿಗೆ ಅಲ್ಲಿ ನಿಲ್ಲಲಿಕ್ಕೆ ಬರುದಿಲ್ಲ. ಈಗ ಎಂತ ಮಾಡುದು?"

ಆಂಟಿ ಹೋಗಿ ಅಜ್ಜಿಯಾಗಿದ್ದೆ. ಅದನ್ನು ಕ್ಷಮಿಸಬಹುದು. ದಮ್ಮು ಸಾಕಾಗಲಿಲ್ಲ!

ಸಿಂಗರ್ ತೆಲುಗಿನ ಹುಡುಗಿ, ತೆಳ್ಳಗೆ, ಕೊರಳಲ್ಲಿ ಎಣ್ಣೆ ಸುರಿದಂಥ ದನಿ. ನನ್ನೆದುರಿಗೇ ಇನ್ನೊಮ್ಮೆ ಹಾಡಿದಳು. "ಬಾರೋ ಬಿಸಿಲಪ್ಪಾ, ಮಾಳಗಿ ಏರಿ ಬಾರೋ" ಎಂದು ಒಂದೇ ಉಸಿರಿಗೆ ಸಾಲು ಮುಗಿಸಿದಳು. ವಾದ್ಯಗಳು "ಮಾಳಗಿ" ಎಂಬಲ್ಲಿ ನಿಂತು ಕಾಯುತ್ತಿದ್ದವು. ಅವಳು ಆಗಲೇ ಮುಂದಿನ ಮಾಳಿಗೆಯಲ್ಲಿದ್ದಳು. ಲೆಕ್ಕ ಹಾಕಿಕೊಂಡು ನಿಂತು ನೋಡಿದಳು. ಆಗ ಎಡವಿದ ಹಾಗೆ ಕೇಳಿಸಿತು.

"ಕಂಪ್ಯೂಟರ್‍ನಲ್ಲೇ ಆ ಜಾಗ ಕತ್ತರಿಸಿ ಹತ್ತಿರ ತಂದರೆ?" ಎಂದ ತಾಳದ ಹುಡುಗ.

"ನನ್ನ ವಯಲಿನ್ ಅಲ್ಲೇ ಉಸಿರಾಡೋದು, ಕತ್ತರಿಸಿದ್ರೆ ಹಾಡು ಸತ್ತೋಗುತ್ತೆ," ಎಂದಳು ಮೈಸೂರಿನವಳು. ಆಮೇಲೆ ದನಿ ತಗ್ಗಿಸಿ, "ಆಂಟಿಯದ್ದೇ ಇಟ್ಕೊಳ್ಳೋಣ ಬಿಡ್ರೋ," ಎಂದಳು.

ನನಗೆ ಕೇಳಿಸಿತು. ಗಿಟಾರಿನ ಹುಡುಗ ತಲೆ ಕೆರೆದುಕೊಂಡ. ಬೇಡ ಎನ್ನಲಿಲ್ಲ. ಇನ್ನೊಂದು ನಿಮಿಷ ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಅಷ್ಟರಲ್ಲಿ ಸಿಂಗರ್ ನನ್ನ ಬಳಿ ಬಂದು ಮೊಣಕಾಲೂರಿ ಕೂತಳು. "ಅಮ್ಮಾ, ಇಕ್ಕಡ ಎಂದುಕು ಆಗಾಲಿ?" ಇಲ್ಲಿ ಯಾಕೆ ನಿಲ್ಲಬೇಕು ಎಂದು ಅವಳ ಪ್ರಶ್ನೆ. "ಮಾಟ ಇಂಕಾ ಪೂರ್ತಿ ಕಾಲೇದು ಕದಾ?" ಮಾತು ಮುಗಿದಿಲ್ಲವಲ್ಲ. ಆಮೇಲೆ ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಉಸಿರಿನ ತೊಂದರೆಯೇ ಎಂದು ಕೇಳಿದಳು.

"ಉಸಿರಿನ ತೊಂದರೆ ನನಗಿಲ್ಲ," ಎಂದೆ ತೆಲುಗಿನಲ್ಲೇ, ಇಡೀ ಕೋಣೆಗೆ ಕೇಳುವಂತೆ. "ನನ್ನ ಉಸಿರಿಗೆ ಏನೂ ಆಗಿಲ್ಲ. ಅಲ್ಲಿ ಹಪ್ಪಳ ಎತ್ತಬೇಕು."

ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ಅವ್ವ ಹಾಡುತ್ತ ಲಟ್ಟಿಸುತ್ತಿದ್ದಳು. "ಮಾಳಗಿ" ಎನ್ನುವಷ್ಟರಲ್ಲಿ ಹಪ್ಪಳ ಕಾಗದದಷ್ಟು ತೆಳ್ಳಗಾಗುತ್ತಿತ್ತು. ಅದನ್ನು ಮಣೆಯಿಂದ ಎರಡೂ ಅಂಗೈ ಮೇಲೆ ತೆಗೆದುಕೊಂಡು ಪಂಚೆಯ ಮೇಲೆ ಹಾಸುವವರೆಗೆ ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಕೈ ಅಲುಗಿ ಮಡಚಿಕೊಳ್ಳುತ್ತದೆ. ಹಾಸಿದ ಮೇಲೆ "ಏರಿ ಬಾರೋ". ಮೂರು ಮಾಳಿಗೆಯಲ್ಲೂ ಅಷ್ಟೇ. ಮೂವರ ಕೈಗಳೂ ಒಂದೇ ಹದಕ್ಕೆ ಬಿದ್ದಿದ್ದವು. ಅವ್ವ ಹೋಗಿ ಎಷ್ಟು ಕಾಲವಾಯಿತು, ಮಣೆ ಹೋಯಿತು, ಮಾಳಿಗೆ ಹೋಯಿತು. ನಾನು ಮೈಕಿನ ಮುಂದೆ ನಿಂತು ಇಲ್ಲದ ಹಪ್ಪಳ ಎತ್ತಿದ್ದೆ.

ಸಿಂಗರ್ ನನ್ನ ಕೈಯನ್ನೇ ನೋಡುತ್ತಿದ್ದಳು, ಅದು ಆಗಲೇ ಗಾಳಿಯಲ್ಲಿ ಮೇಲೆದ್ದಿತ್ತು. "ನಾನೂ ಎತ್ತಲೇ?" ಎಂದಳು. ಮಣೆ ಲಟ್ಟಣಿಗೆ ತಂದರೆ ಮೈಕಿಗೆ ಸದ್ದು. ನನ್ನ ಕರ್ಚೀಫು ಬಿಡಿಸಿ ಅವಳ ಒಂದು ಮೊಣಕಾಲಿನ ಮೇಲೆ ಹಾಸಿದೆ. ಹಾಡಿದಳು, "ಮಾಳಗಿ" ಎಂದು ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಇನ್ನೊಂದು ಮೊಣಕಾಲಿನ ಮೇಲೆ ಹಾಸಿದಳು, ಹಾಸಿ "ಏರಿ ಬಾರೋ" ಎಂದಳು. ವಯಲಿನ್ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಹಾಡು ಬಂದು ಕೂತಿತ್ತು. ನನಗಿಂತ ಚೆನ್ನಾಗಿ ಕೂತಿತ್ತು, ದೇರ್ ವಾಸ್ ನೋ ಡೌಟ್.

ನನ್ನನ್ನು ನಾನೇ ಹಾಡಿನಿಂದ ಹೊರಗೆ ಹಾಕಿಕೊಂಡಿದ್ದೆ. ನಮ್ಮವರು ಯಾವಾಗಲೋ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಗೇಲಿ ಮಾಡದಿದ್ದರೆ ನನಗೆ ಗಾಬರಿ.

ಸಂಜೆ ಗಿಟಾರಿನ ಹುಡುಗ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಪರದೆಯಲ್ಲಿ ಸಾಲುಸಾಲಾಗಿ ಪಟ್ಟಿಗಳು, ಒಂದೊಂದು ಪಟ್ಟಿ ಒಬ್ಬೊಬ್ಬರದು. ಎಲ್ಲಕ್ಕಿಂತ ಮೇಲಿನದು ನಾನು. ಹಸಿರು ಬಣ್ಣದಲ್ಲಿ, ಏರಿ, ಇಳಿದು, ನಡುವೆ ಬರಿದಾಗಿ.

"ತೆಗೀಲಾ ಆಂಟಿ?"

"ಆಫ್ ಕೋರ್ಸ್," ಎಂದೆ.

ಒಂದು ಕೀ ಒತ್ತಿದ. ಹಸಿರು ಹೋಯಿತು.

"ಖರೇನ ಹೋತೇನು? ಅದೇನೋ ರಿಸೈಕಲ್ ಬಿನ್ ಅಂತ ಇರ್ತದಲ್ಲ?"

ಹುಡುಗ ನಕ್ಕು ಇನ್ನೊಂದೇನೋ ಒತ್ತಿದ. "ಅಲ್ಲಿಂದಲೂ ತೆಗ್ದೆ ನೋಡಿ." ನಿಜವಾಗಿ ತೆಗೆದನೋ ಇಲ್ಲವೋ ಎಂದು ಪರದೆಯನ್ನೇ ನೋಡಿದೆ. ತೆಗೆದಿರಬಾರದು ಎಂದು ಆಸೆ. ಆದರೆ ನನಗೆ ಆ ಯಂತ್ರ ಓದಲು ಬರುವುದಿಲ್ಲ.

ಹೊಸ ಸಿ.ಡಿ. ಬಂದ ದಿನ ಹುಡುಗಿಯೇ ತಂದು ಕೊಟ್ಟಳು, ಈ ಸಲ ಸಿಹಿ ಇಲ್ಲದೆ. ನಮ್ಮವರನ್ನು ವಾಕಿಂಗಿಗೆ ಕಳಿಸಿ ಹಾಕಿಕೊಂಡೆ. ಸ್ಪೀಕರಿಗೆ ಕಿವಿ ಹಚ್ಚಿ ಕೂತೆ. ಹಾರ್ಮೋನಿಯಂ ಬೆಳಗಿನ ಬಿಸಿಲಿನಂತೆ ನಿಧಾನವಾಗಿ ಏರಿತು, ಗಿಟಾರು ಮಾಳಿಗೆ ಗುಡಿಸಿ ಕೊಟ್ಟಿತು. ಎಣ್ಣೆಯಂಥ ದನಿ "ಬಾರೋ ಬಿಸಿಲಪ್ಪಾ, ಮಾಳಗಿ" ಎಂದು ನಿಂತಿತು. ವಯಲಿನ್ ಒಂದೇ ತಂತಿಯಲ್ಲಿ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ. ಅದರ ಹಿಂದೆ ಏನೋ ಇತ್ತು.

ಹಿಂದಕ್ಕೆ ಹಾಕಿ ಕೇಳಿದೆ. ಯಾರೋ ಉಸಿರು ಎಳೆದುಕೊಂಡ ಸದ್ದು, ಅದಕ್ಕೆ ಹತ್ತಿಕೊಂಡೇ ಸಣ್ಣದೊಂದು "ಹ್ಞೂಂ". ಬಹಳ ದೂರದ ಕೋಣೆಯಿಂದ ಬಂದ ಹಾಗೆ. ಹಾಡುವಾಗ ನಾನು ಹಾಗೆ ಹೂಂಗುಟ್ಟುತ್ತೇನೆಂದು ನನಗೆ ತಿಳಿದಿರಲಿಲ್ಲ. ಆದರೆ ನನ್ನ ದನಿ ನನಗೆ ತಿಳಿಯದೇ?

ನಮ್ಮವರು ಬರುವವರೆಗೂ ಕಾಯಲಿಲ್ಲ, ಮೇಲಕ್ಕೆ ಹೋದೆ. ಗಿಟಾರಿನ ಹುಡುಗನೂ ವಯಲಿನ್ನಿನವಳೂ ಇದ್ದರು.

"ನನ್ನನ್ನ ಪೂರ್ತಿ ತೆಗೆದಿಲ್ಲ ನೀವು," ಎಂದೆ.

ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. "ಸಾರಿ ಆಂಟಿ. ನಿಮಗೆ ಕೇಳಿತಾ ಅದು? ವಯಲಿನ್ ಅಂದ್ರೆ ಕಿವಿಯ ಹತ್ರವೇ ಅಲ್ವಾ, ಅದರ ಮೈಕ್ ಕೂಡ ಅಲ್ಲೇ ಉಂಟು. ಇವಳು ಹೆಡ್‌ಫೋನಿನಲ್ಲಿ ನಿಮ್ಮ ಸ್ವರ ಜೋರಾಗಿ ಇಟ್ಕೊಂಡಿದ್ಲು. ಅದು ಸೋರಿ ಮೈಕಿಗೆ ಹೋಗಿದೆ. ಬೇರೆ ಕಡೆ ಎಲ್ಲ ಮುಚ್ಚಿ ಹೋಗ್ತದೆ, ಸಿಂಗರ್ ನಿಂತಲ್ಲಿ ಮಾತ್ರ ಕೇಳ್ತದೆ. ಅದನ್ನು ತೆಗೀಲಿಕ್ಕೆ ಹೋದ್ರೆ ವಯಲಿನ್ನೂ ಹೋಗ್ತದೆ."

"ಇವಳು ಭಾಳ ಸಲ ನುಡಿಸಿದ್ಳಲ್ಲ. ಬೇರೆ ಟೇಕ್ ಇರ್ಲಿಲ್ಲೇನು?"

ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಕಮಾನಿನ ತಿರುಪು ಸಡಿಲಿಸುವುದರಲ್ಲಿ ಮಗ್ನಳಾಗಿದ್ದಳು.

"ಇತ್ತು ಆಂಟಿ," ಎಂದಳು, ತಲೆ ಎತ್ತದೆ. "ಅವು ಯಾವುದೂ ಚೆನ್ನಾಗಿ ಬಂದಿರ್ಲಿಲ್ಲ."

"ಹೌದಾ," ಎಂದೆ. ನಂಬಿದವಳ ಹಾಗೆ ತಲೆಯಾಡಿಸಿ ಕೆಳಗಿಳಿದೆ. ಅವಳ ಒಂದೊಂದು ಟೇಕನ್ನೂ ನಾನು ಅವಳ ಕಾಲಡಿಯ ಮನೆಯಲ್ಲಿ ಕೂತು ಕೇಳಿದ್ದೆ. ಕೆಟ್ಟದ್ದು ಒಂದೂ ಇರಲಿಲ್ಲ.